ಹೊಸ ಹರಳಿನ ಸುದ್ದಿ: ಬೀಕರಿನಲ್ಲಿ ಬೆಳೆದದ್ದು ನಿಜಕ್ಕೂ ಏನು?

ಲೇಸರ್ ಬೆಳಕಿನ ಬಣ್ಣವನ್ನೇ ಬದಲಿಸಬಲ್ಲ ಹೊಸ ಸಾವಯವ ಹರಳೊಂದನ್ನು ಬೆಳೆಸಲಾಗಿದೆ, ಅದರ ದಕ್ಷತೆ ಹೋಲಿಕೆಗೆ ಬಳಸುವ ಕೆಡಿಪಿ ಎಂಬ ಹಳೆಯ ಹರಳಿಗಿಂತ ಇಷ್ಟು ಪಟ್ಟು ಹೆಚ್ಚು ಎಂಬ ಸುದ್ದಿ ವಿಜ್ಞಾನದ ಪುಟಗಳಲ್ಲಿ ಆಗಾಗ ಕಾಣಿಸುತ್ತದೆ. ಇನ್ನೊಂದು ಕಡೆ, ಹೀಗೆ 'ಹೊಸದು' ಎಂದು ವರದಿಯಾದ ಹಲವು ಹರಳುಗಳು ಹೊಸವೇ ಅಲ್ಲ, ನೀರಿನಲ್ಲಿ ಕರಗಿಸಿದ ಮೂಲ ಪದಾರ್ಥವೇ ಮರಳಿ ಹರಳುಗಟ್ಟಿದೆ ಎಂದು ಸ್ಫಟಿಕ ವಿಜ್ಞಾನಿಗಳು ಆಕ್ಷೇಪಿಸುವ ಟಿಪ್ಪಣಿಗಳೂ ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿವೆ. ಎರಡನ್ನೂ ಓದಿದವರಿಗೆ ಯಾವುದನ್ನು ನಂಬಬೇಕೆಂದು ತಿಳಿಯದಿರುವುದು ಸಹಜ. ಕಣ್ಣಿಗೆ ಕಾಣದ ಲೇಸರ್ ಬೆಳಕು ಹರಳಿನಿಂದ ಹಸಿರಾಗಿ ಹೊರಬಂದದ್ದು ಕಂಡ ಮೇಲೂ ಹರಳು ಸುಳ್ಳಾಗುವುದು ಹೇಗೆ?

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಕೈಯಲ್ಲಿರುವ ಹರಳು ಯಾವ ಪದಾರ್ಥದ್ದು ಎಂಬುದು ಮೊದಲನೆಯದು. ಅದು ಬೆಳಕಿನೊಂದಿಗೆ ಹೇಗೆ ವರ್ತಿಸುತ್ತದೆ ಎಂಬುದು ಎರಡನೆಯದು. ಉಪಕರಣದೊಳಗೆ ಕೂರಿಸುವಷ್ಟು ದೊಡ್ಡದಾಗಿ, ದೋಷವಿಲ್ಲದೆ ಅದನ್ನು ಬೆಳೆಸಲು ಸಾಧ್ಯವೇ ಎಂಬುದು ಮೂರನೆಯದು. ಸುದ್ದಿಗಳು ಈ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸುವುದರಿಂದ, ಎರಡನೆಯದಕ್ಕೆ ಸಿಕ್ಕ ಉತ್ತರ ಮೊದಲನೆಯದಕ್ಕೂ ಸಂದಂತೆ ತೋರುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ.

ಬೆಳಕಿನ ಬಣ್ಣ ಬದಲಾಗುವುದು

ಸಾಮಾನ್ಯ ಬೆಳಕು ಗಾಜಿನ ಮೂಲಕ ಹಾದುಹೋದಾಗ ಅದರ ದಿಕ್ಕು ಬದಲಾಗಬಹುದು, ಪ್ರಖರತೆ ಕುಗ್ಗಬಹುದು, ತರಂಗಾಂತರ ಬದಲಾಗುವುದಿಲ್ಲ. ಬೆಳಕಿನ ವಿದ್ಯುತ್ ಕ್ಷೇತ್ರವು ಪದಾರ್ಥದ ಎಲೆಕ್ಟ್ರಾನುಗಳನ್ನು ಎಷ್ಟು ಅಲುಗಿಸುತ್ತದೆಯೋ ಅವು ಅಷ್ಟೇ ಪ್ರಮಾಣದಲ್ಲಿ ಪ್ರತಿಸ್ಪಂದಿಸುವುದು ಇದಕ್ಕೆ ಕಾರಣ. ಲೇಸರಿನಷ್ಟು ಪ್ರಬಲವಾದ ಕ್ಷೇತ್ರ ಎದುರಾದಾಗ ಈ ಸರಳ ಅನುಪಾತ ಮುರಿಯುತ್ತದೆ, ಮತ್ತು ಕ್ಷೇತ್ರದ ವರ್ಗಕ್ಕೆ ಅನುಗುಣವಾದ ಇನ್ನೊಂದು ಪ್ರತಿಸ್ಪಂದನೆ ಅದರೊಡನೆ ಸೇರಿಕೊಳ್ಳುತ್ತದೆ. ಆ ಹೆಚ್ಚುವರಿ ಅಂಶದಿಂದಲೇ ಮೂಲ ಬೆಳಕಿನ ಎರಡರಷ್ಟು ಆವರ್ತನದ, ಅಂದರೆ ಅರ್ಧದಷ್ಟು ತರಂಗಾಂತರದ ಬೆಳಕು ಹುಟ್ಟುತ್ತದೆ. 1064 ನ್ಯಾನೊಮೀಟರಿನ ಕಣ್ಣಿಗೆ ಕಾಣದ ಅವಕೆಂಪು ಬೆಳಕು 532 ನ್ಯಾನೊಮೀಟರಿನ ಹಸಿರಾಗುವುದು ಹೀಗೆ. ಈ ಬಗೆಯ ವಿದ್ಯಮಾನಗಳ ಅಧ್ಯಯನಕ್ಕೆ ನಾನ್‌ಲೀನಿಯರ್ ಆಪ್ಟಿಕ್ಸ್, ಅಂದರೆ ಅರೇಖೀಯ ದ್ಯುತಿವಿಜ್ಞಾನ ಎಂದು ಹೆಸರು.

ಮೊದಲ ಲೇಸರ್ ಬೆಳಗಿದ ಮರುವರ್ಷವೇ, 1961ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನ 694 ನ್ಯಾನೊಮೀಟರಿನ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿನ ಮೂಲಕ ಹಾಯಿಸಿ 347 ನ್ಯಾನೊಮೀಟರಿನ ಅತಿನೇರಳೆ ಕಿರಣವನ್ನು ಪಡೆದರು. ಛಾಯಾಫಲಕದ ಮೇಲೆ ಅದು ಮೂಡಿಸಿದ್ದು ಒಂದು ಸಣ್ಣ ಚುಕ್ಕೆಯನ್ನು ಮಾತ್ರ. ಪ್ರಬಂಧ ಅಚ್ಚಾಗುವಾಗ ಅದನ್ನು ಕೊಳೆಯ ಗುರುತೆಂದು ತಿಳಿದು ಅಳಿಸಿಬಿಟ್ಟಿದ್ದರಿಂದ, ಪ್ರಕಟವಾದ ಚಿತ್ರದಲ್ಲಿ ಬಾಣದ ಗುರುತು ಖಾಲಿ ಜಾಗವನ್ನು ತೋರಿಸುತ್ತಿತ್ತು ಎಂಬುದು ಈ ಕ್ಷೇತ್ರದ ಎಲ್ಲರಿಗೂ ಗೊತ್ತಿರುವ ಸಂಗತಿ. ಅಂದು ಇದ್ದ ಸಂಕೇತ ಇಲ್ಲವೆನಿಸಿತು. ಇಂದಿನ ತೊಡಕು ತಿರುವುಮುರುವಾದದ್ದು: ಸಂಕೇತ ಇರುತ್ತದೆ, ಅದು ಯಾವ ಪದಾರ್ಥದಿಂದ ಬಂತು ಎಂಬುದು ತಪ್ಪಾಗಿ ದಾಖಲಾಗುತ್ತದೆ.

ಸಮಮಿತಿಯ ತಡೆ

ಎಲ್ಲ ಹರಳುಗಳೂ ಈ ಕೆಲಸ ಮಾಡಲಾರವು. ಹರಳಿನೊಳಗಿನ ಜೋಡಣೆಗೆ ವಿಲೋಮ ಕೇಂದ್ರವಿದ್ದರೆ, ಅಂದರೆ ಒಂದು ಬಿಂದುವಿನ ಈಚೆಗಿರುವ ಪ್ರತಿ ಅಣುವಿಗೂ ಆಚೆಗೆ ಅಷ್ಟೇ ದೂರದಲ್ಲಿ, ತಲೆಕೆಳಗಾದ ಜೊತೆಗಾರ ಅಣುವಿದ್ದರೆ, ಕ್ಷೇತ್ರದ ವರ್ಗಕ್ಕೆ ಸಂಬಂಧಿಸಿದ ಪ್ರತಿಸ್ಪಂದನೆಗಳು ಒಂದನ್ನೊಂದು ಪೂರ್ತಿ ರದ್ದುಮಾಡುತ್ತವೆ. ಹರಳುಗಳ 32 ಸಮಮಿತಿ ವರ್ಗಗಳಲ್ಲಿ 11ಕ್ಕೆ ಇಂಥ ಕೇಂದ್ರವಿದೆ. ಅವು ಆರಂಭದಲ್ಲೇ ಹೊರಗುಳಿಯುತ್ತವೆ.

ಪ್ಯಾರಾ ನೈಟ್ರೊಅನಿಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬೆಂಜೀನ್ ಉಂಗುರದ ಒಂದು ತುದಿಯಲ್ಲಿ ಎಲೆಕ್ಟ್ರಾನ್ ಕೊಡುವ ಅಮೈನೊ ಗುಂಪು, ಎದುರು ತುದಿಯಲ್ಲಿ ಎಲೆಕ್ಟ್ರಾನ್ ಸೆಳೆಯುವ ನೈಟ್ರೊ ಗುಂಪು ಇರುವುದರಿಂದ, ಒಂಟಿ ಅಣುವಾಗಿ ಅದು ಬೆಳಕಿಗೆ ಬಲವಾದ ಅರೇಖೀಯ ಪ್ರತಿಸ್ಪಂದನೆ ತೋರುತ್ತದೆ. ಹರಳುಗಟ್ಟುವಾಗ ಮಾತ್ರ ಅಣುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಜೋಡಿಯಾಗಿ ಕೂರುತ್ತವೆ. ಹರಳಿಗೆ ವಿಲೋಮ ಕೇಂದ್ರ ಒದಗಿ, ಆವರ್ತನ ದ್ವಿಗುಣವಾಗುವ ಗುಣ ಶೂನ್ಯಕ್ಕಿಳಿಯುತ್ತದೆ. ಅದೇ ಅಣುವಿನ ಪಕ್ಕಕ್ಕೆ ಒಂದು ಮೀಥೈಲ್ ಗುಂಪನ್ನು ಸೇರಿಸಿ 2-ಮೀಥೈಲ್-4-ನೈಟ್ರೊಅನಿಲಿನ್ ಮಾಡಿದರೆ, ಆ ಜೋಡಿ ವ್ಯವಸ್ಥೆ ಕೆಟ್ಟು, ವಿಲೋಮ ಕೇಂದ್ರವಿಲ್ಲದ ಹರಳು ಸಿಗುತ್ತದೆ. ಅದು ಅತ್ಯಂತ ಪ್ರಬಲ ಅರೇಖೀಯ ಹರಳುಗಳಲ್ಲಿ ಒಂದು. ಅಣುವಿನ ಗುಣ ಮತ್ತು ಹರಳಿನ ಗುಣ ಬೇರೆ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ಅಣುಗಳು ಹೇಗೆ ಕೂತಿವೆ ಎಂದು ತಿಳಿಯದೆ ಹರಳಿನ ಬಗ್ಗೆ ಮಾತನಾಡುವುದು ವ್ಯರ್ಥವೆಂಬ ಎಚ್ಚರಿಕೆಯೂ ಇದರಲ್ಲಿದೆ.

ಸಾವಯವ ಹರಳುಗಳ ಆಕರ್ಷಣೆ

ಇಲ್ಲಿ ಸಾವಯವ ಎಂದರೆ ಇಂಗಾಲವನ್ನು ಆಧರಿಸಿದ ಅಣುಗಳಿಂದ ಕಟ್ಟಿದ್ದು ಎಂದಷ್ಟೇ ಅರ್ಥ. ಬೇಸಾಯದ ಮಾತಿನಲ್ಲಿ ಬರುವ ಸಾವಯವಕ್ಕೂ ಇದಕ್ಕೂ ಸಂಬಂಧವಿಲ್ಲ. ಉದ್ಯಮದಲ್ಲಿ ಈಗ ನೆಲೆಯೂರಿರುವ ಕೆಡಿಪಿ, ಕೆಟಿಪಿ, ಬಿಬಿಒ, ಲಿಥಿಯಂ ನಯೊಬೇಟ್ ಇವೆಲ್ಲ ನಿರವಯವ ಹರಳುಗಳು. ಕೆಡಿಪಿ, ಅಂದರೆ ಪೊಟ್ಯಾಸಿಯಂ ಡೈಹೈಡ್ರೊಜನ್ ಫಾಸ್ಫೇಟ್, ಹೋಲಿಕೆಯ ಅಳತೆಗೋಲಾಗಿಯೂ ಬಳಕೆಯಲ್ಲಿದೆ. ಅದರ ಅರೇಖೀಯ ಗುಣಾಂಕ, ಅಂದರೆ ಕ್ಷೇತ್ರದ ವರ್ಗಕ್ಕೆ ಅದು ಎಷ್ಟು ಬಲವಾಗಿ ಪ್ರತಿಸ್ಪಂದಿಸುತ್ತದೆ ಎಂಬುದರ ಅಳತೆ, ಪ್ರತಿ ವೋಲ್ಟಿಗೆ ಸುಮಾರು 0.39 ಪಿಕೊಮೀಟರ್. 1989ರಲ್ಲಿ ವರದಿಯಾದ ಡ್ಯಾಸ್ಟ್ ಎಂಬ ಸಾವಯವ ಲವಣದ ಹರಳಿನಲ್ಲಿ, 1318 ನ್ಯಾನೊಮೀಟರಿನ ಬೆಳಕಿಗೆ, ಅದೇ ಬಗೆಯ ಗುಣಾಂಕ ಸುಮಾರು 1000ದಷ್ಟಿದೆ. ಅಳೆದ ತರಂಗಾಂತರಗಳು ಬೇರೆಯಾದ್ದರಿಂದ ಎರಡು ಸಂಖ್ಯೆಗಳನ್ನು ನೇರವಾಗಿ ಭಾಗಿಸುವುದು ಸರಿಯಲ್ಲವಾದರೂ, ಅಂತರ ಅಗಾಧ ಎಂಬುದರಲ್ಲಿ ಅನುಮಾನವಿಲ್ಲ. ಈ ಪ್ರತಿಸ್ಪಂದನೆಯಲ್ಲಿ ಚಲಿಸುವುದು ಎಲೆಕ್ಟ್ರಾನುಗಳು ಮಾತ್ರ, ಭಾರವಾದ ಅಯಾನುಗಳಲ್ಲ. ಆದ್ದರಿಂದ ಅದು ಅತ್ಯಂತ ವೇಗವಾದದ್ದು. ಅಣುವಿನ ತುದಿಯ ಗುಂಪುಗಳನ್ನು ಬದಲಿಸಿ ಗುಣವನ್ನು ಬೇಕಾದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯವೂ ಇದೆ.

ಈ ಲಾಭಕ್ಕೆ ಬೆಲೆ ತೆರಬೇಕಾಗುತ್ತದೆ. ಎಲೆಕ್ಟ್ರಾನುಗಳು ಅಣುವಿನ ಉದ್ದಕ್ಕೂ ಸರಾಗವಾಗಿ ಓಡಾಡುವಂತೆ ಮಾಡಿದಷ್ಟೂ ಅರೇಖೀಯತೆ ಏರುತ್ತದೆ, ಜೊತೆಗೆ ಆ ಪದಾರ್ಥ ಗೋಚರ ಬೆಳಕನ್ನು ಹೀರಿಕೊಳ್ಳಲು ತೊಡಗುತ್ತದೆ. ಡ್ಯಾಸ್ಟ್ ಕಡುಗೆಂಪು ಬಣ್ಣದ್ದು; ಹಸಿರು ಬೆಳಕು ಅದರೊಳಗೆ ಹುಟ್ಟಿದರೂ ಅಲ್ಲೇ ಹೀರಲ್ಪಡುತ್ತದೆ. ಹೀಗಾಗಿ ಗುಣಾಂಕದಲ್ಲಿ ಕೆಡಿಪಿಯನ್ನು ಬಹುದೂರ ಮೀರಿಸಿದ ಈ ಹರಳು ಹಸಿರು ಲೇಸರಿಗೆ ನಿರುಪಯುಕ್ತ. ಅದು ಬೆಲೆಬಾಳುವುದು ಬೇರೆಡೆ: ಅವಕೆಂಪು ಲೇಸರ್ ಮಿಡಿತಗಳಿಂದ ಟೆರಾಹರ್ಟ್ಸ್ ಅಲೆಗಳನ್ನು, ಅಂದರೆ ಅವಕೆಂಪು ಬೆಳಕಿಗೂ ಮೈಕ್ರೊವೇವಿಗೂ ನಡುವಿನ ಅಲೆಗಳನ್ನು, ಹುಟ್ಟಿಸುವಲ್ಲಿ. ಡ್ಯಾಸ್ಟ್ ಮತ್ತು ಅದರ ಸಂಬಂಧಿ ಹರಳುಗಳು ಈ ಕೆಲಸಕ್ಕಾಗಿಯೇ ಮಾರುಕಟ್ಟೆಯಲ್ಲಿ ಸಿಗುತ್ತವೆ. ಯಾವ ಕೆಲಸಕ್ಕೆ, ಯಾವ ತರಂಗಾಂತರದಲ್ಲಿ ಎಂದು ಹೇಳದೆ ಒಂದು ಹರಳನ್ನು ಇನ್ನೊಂದಕ್ಕಿಂತ ಮೇಲೆನ್ನುವ ಸುದ್ದಿ ಅರ್ಧ ಸುದ್ದಿ.

ಈ ಕಷ್ಟಕ್ಕೆ ಮಧ್ಯಮ ಮಾರ್ಗವಾಗಿ ಬಂದವು ಸಾವಯವ ಅಣುವನ್ನು ನಿರವಯವ ಪದಾರ್ಥದೊಂದಿಗೆ ಕೂಡಿಸಿದ ಅರೆ ಸಾವಯವ ಹರಳುಗಳು. 1983ರಲ್ಲಿ ಚೀನಾದ ಶಾಂಡಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಎಲ್-ಆರ್ಜಿನೀನ್ ಫಾಸ್ಫೇಟನ್ನು ಕೆಡಿಪಿಗೆ ಬದಲಿಯಾಗಿ ಮುಂದಿಟ್ಟ ಮೇಲೆ, ಅಮೈನೊ ಆಮ್ಲಗಳ ಲವಣಗಳ ಹುಡುಕಾಟ ಜಗತ್ತಿನಾದ್ಯಂತ ಹಬ್ಬಿತು. ಇದಕ್ಕೆ ಬಲವಾದ ಕಾರಣವಿದೆ. ಗ್ಲೈಸಿನ್ ಒಂದನ್ನು ಬಿಟ್ಟರೆ ಪ್ರೋಟೀನುಗಳ ಅಮೈನೊ ಆಮ್ಲಗಳೆಲ್ಲ ಎಡಗೈ ಬಲಗೈಗಳಂತೆ ಒಂದರ ಮೇಲೊಂದು ಹೊಂದದ ರೂಪದವು, ಮತ್ತು ಒಂದೇ ಕೈಯ ಅಣುಗಳಿಂದಾದ ಹರಳಿಗೆ ವಿಲೋಮ ಕೇಂದ್ರ ಇರಲು ಸಾಧ್ಯವೇ ಇಲ್ಲ. ಸಮಮಿತಿಯ ತಡೆ ತಾನಾಗಿ ದಾಟಿದಂತಾಗುತ್ತದೆ. ಅವು ಅಗ್ಗ, ಬಹುತೇಕ ನೀರಿನಲ್ಲಿ ಕರಗುತ್ತವೆ, ಒಂದು ಬೀಕರು ಮತ್ತು ತಾಳ್ಮೆ ಇದ್ದರೆ ಕೆಲಸ ಶುರುಮಾಡಬಹುದು. ಒಳ್ಳೆಯ ಕೆಲಸವೂ ತಪ್ಪುಗಳೂ ಈ ಒಂದೇ ಸುಲಭತೆಯಿಂದ ಬೆಳೆದವು.

ದ್ರಾವಣದೊಳಗೆ ನಡೆಯುವುದು

ನೀರಿನಲ್ಲಿ ಕರಗುವಷ್ಟು ಪದಾರ್ಥವನ್ನು ಕರಗಿಸಿ, ಬಾಯಿಗೆ ಸಣ್ಣ ತೂತುಗಳ ಹಾಳೆ ಮುಚ್ಚಿ, ತಾಪಮಾನ ಏರುಪೇರಾಗದಂತೆ ಇಟ್ಟರೆ ನೀರು ನಿಧಾನವಾಗಿ ಆವಿಯಾಗುತ್ತದೆ. ದ್ರಾವಣ ತನ್ನ ಸಾಮರ್ಥ್ಯಕ್ಕಿಂತ ಹೆಚ್ಚು ಪದಾರ್ಥವನ್ನು ಹೊತ್ತ ಅತಿಸಂತೃಪ್ತ ಸ್ಥಿತಿಗೆ ಬಂದಾಗ, ಹೆಚ್ಚಾದದ್ದು ಹರಳಾಗಿ ಹೊರಬೀಳುತ್ತದೆ. ಆವಿಯಾಗುವ ಬದಲು ದ್ರಾವಣವನ್ನು ದಿನಕ್ಕೆ ಇಷ್ಟಿಷ್ಟೇ ತಣಿಸಿಯೂ ಇದೇ ಫಲವನ್ನು ಪಡೆಯಬಹುದು. ಅವಸರ ಮಾಡಿದರೆ ಒಮ್ಮೆಗೇ ನೂರಾರು ಕಣಗಳು ಉದುರುತ್ತವೆ; ತಾಳಿದರೆ, ಬಿಟ್ಟಿಟ್ಟ ಒಂದೇ ಬೀಜದ ಹರಳು ವಾರಗಟ್ಟಲೆ ಬೆಳೆಯುತ್ತದೆ. ಈ ಕೆಲಸದಲ್ಲಿ ನಿಜವಾದ ಕೌಶಲವಿದೆ.

ಒಂದೇ ಬೀಕರಿನಲ್ಲಿ ಎರಡು ಪದಾರ್ಥಗಳಿದ್ದಾಗ ತೊಡಕು ಆರಂಭವಾಗುತ್ತದೆ. ಒಂದು ಅಮೈನೊ ಆಮ್ಲವನ್ನೂ ಒಂದು ಲೋಹದ ಲವಣವನ್ನೂ ಸಮ ಪ್ರಮಾಣದಲ್ಲಿ ಕರಗಿಸಿದ ಮಾತ್ರಕ್ಕೆ ಅವು ಕೂಡಿ ಹೊಸ ಸಂಯುಕ್ತವಾಗಬೇಕೆಂಬ ನಿಯಮವೇನೂ ಇಲ್ಲ. ಕೂಡಿದರೆ ಸರಿ, ಕೂಡದಿದ್ದರೆ ಎರಡರಲ್ಲಿ ಕಡಿಮೆ ಕರಗುವಂಥದ್ದು ಮೊದಲು ಹರಳಾಗುತ್ತದೆ, ಇನ್ನೊಂದು ದ್ರಾವಣದಲ್ಲೇ ಉಳಿಯುತ್ತದೆ. ಬೀಕರಿನ ತಳದಲ್ಲಿ ಚೆಲುವಾದ, ಪಾರದರ್ಶಕ ಹರಳಂತೂ ಇರುತ್ತದೆ. ಅದರ ಹೆಸರಿನಲ್ಲಿ ಎರಡೂ ಪದಾರ್ಥಗಳು ಸೇರಿಕೊಳ್ಳುತ್ತವೆ, ಹರಳಿನೊಳಗೆ ಇರುವುದು ಒಂದೇ.

ಗ್ಲೈಸಿನ್ ಈ ವಿಷಯದಲ್ಲಿ ವಿಶೇಷವಾಗಿ ದಾರಿ ತಪ್ಪಿಸುತ್ತದೆ. ಶುದ್ಧ ನೀರಿನಿಂದ ಅದು ಸಾಮಾನ್ಯವಾಗಿ ಆಲ್ಫಾ ರೂಪದಲ್ಲಿ ಹರಳುಗಟ್ಟುತ್ತದೆ. ಆ ರೂಪಕ್ಕೆ ವಿಲೋಮ ಕೇಂದ್ರವಿರುವುದರಿಂದ ಅದು ಹಸಿರು ಬೆಳಕು ಕೊಡದು. ನೀರಿಗೆ ಸೋಡಿಯಂ ಕ್ಲೋರೈಡಿನಂಥ ಲವಣ ಸೇರಿಸಿದಾಗ ಗಾಮಾ ರೂಪ ಮೂಡಬಹುದು, ಅದಕ್ಕೆ ವಿಲೋಮ ಕೇಂದ್ರವಿಲ್ಲ. ಲವಣ ಹಾಕುವ ಮುನ್ನ ಇರದಿದ್ದ ಹಸಿರು ಬೆಳಕು ಲವಣ ಹಾಕಿದ ಮೇಲೆ ಕಾಣಿಸಿಕೊಂಡರೆ, ಗ್ಲೈಸಿನ್ ಮತ್ತು ಲವಣ ಕೂಡಿ ಹೊಸ ಅರೇಖೀಯ ಹರಳು ಹುಟ್ಟಿದೆ ಎಂದು ನಂಬುವುದು ಸುಲಭ. ವಾಸ್ತವದಲ್ಲಿ ಲವಣವು ಗ್ಲೈಸಿನ್ ಅಣುಗಳು ಜೋಡಿಸಿಕೊಳ್ಳುವ ರೀತಿಯನ್ನು ಬದಲಿಸಿ ತಾನು ನೀರಿನಲ್ಲೇ ಉಳಿದಿರುತ್ತದೆ. ಹಾಗೆಂದು ಇಂಥ ವರದಿಗಳೆಲ್ಲ ತಪ್ಪೆನ್ನುವುದೂ ಅನ್ಯಾಯ. ಗ್ಲೈಸಿನ್ ಮತ್ತು ಸೋಡಿಯಂ ನೈಟ್ರೇಟ್ ಸೇರಿದ ಹರಳು ನಿಜವಾದ ಸಂಯುಕ್ತ. ಅದರ ಅಣುರಚನೆ ನಿರ್ಧಾರವಾಗಿದೆ. ಎರಡು ಪ್ರಯೋಗಗಳೂ ಹೊರನೋಟಕ್ಕೆ ಒಂದೇ ಥರ. ವ್ಯತ್ಯಾಸ ತಿಳಿಯುವುದು ರಚನೆಯನ್ನು ನೋಡಿದಾಗ ಮಾತ್ರ.

ಡ್ಯಾಸ್ಟಿನಂಥ ಹೆಸರುವಾಸಿ ಹರಳಿಗೂ ಈ ಅಪಾಯ ತಪ್ಪಿಲ್ಲ. ಅದನ್ನು ಮೆಥನಾಲಿನಲ್ಲಿ ಬೆಳೆಸುವಾಗ ತೇವ ಸೇರಿಕೊಂಡರೆ, ನೀರಿನ ಅಣುವನ್ನು ಒಳಗಿಟ್ಟುಕೊಂಡ ಇನ್ನೊಂದು ಹರಳು ಮೂಡುತ್ತದೆ. ಅದರ ಬಣ್ಣ ಕಿತ್ತಳೆ, ಅದಕ್ಕೆ ವಿಲೋಮ ಕೇಂದ್ರವಿದೆ, ಆವರ್ತನ ದ್ವಿಗುಣಗೊಳಿಸುವ ಗುಣವಿಲ್ಲ. ಇಲ್ಲಿ ಬಣ್ಣವಾದರೂ ಎಚ್ಚರಿಸುತ್ತದೆ. ಅಮೈನೊ ಆಮ್ಲಗಳ ಹರಳುಗಳು ಬಹುಪಾಲು ಬಣ್ಣವಿಲ್ಲದವು.

ಪರೀಕ್ಷೆಗಳು ಹೇಳುವುದು, ಹೇಳದಿರುವುದು

ಪ್ರಬಂಧಗಳಲ್ಲಿ ಪರೀಕ್ಷೆಗಳ ಸಾಲು ಉದ್ದವಾಗಿರುತ್ತದೆ: ಅವಕೆಂಪು ರೋಹಿತ, ಗೋಚರ ಮತ್ತು ಅತಿನೇರಳೆ ಬೆಳಕಿನ ಪಾರದರ್ಶಕತೆ, ಕಾಯಿಸಿದಾಗ ತೂಕ ಇಳಿಯುವ ಬಗೆ, ವಿಕರ್ಸ್ ಗಡಸುತನ, ಡೈಎಲೆಕ್ಟ್ರಿಕ್ ಗುಣ. ಇವೆಲ್ಲ ಉಪಯುಕ್ತ ಅಳತೆಗಳೇ. ಆದರೆ ಪದಾರ್ಥ ಯಾವುದೆಂದು ಖಚಿತವಾದ ಮೇಲಷ್ಟೇ ಅವುಗಳಿಗೆ ಅರ್ಥ ಬರುತ್ತದೆ. ಅವಕೆಂಪು ರೋಹಿತ ಅಮೈನೊ ಗುಂಪು ಇದೆ, ಕಾರ್ಬಾಕ್ಸಿಲ್ ಗುಂಪು ಇದೆ ಎಂದು ತಿಳಿಸುತ್ತದೆ. ಬರಿಯ ಗ್ಲೈಸಿನ್ನಿನಲ್ಲೂ ಅವೆರಡೂ ಇವೆ. ಎಕ್ಸ್ ಕಿರಣಗಳಿಂದ ಮೂಲಧಾತುಗಳನ್ನು ಗುರುತಿಸುವ ಪರೀಕ್ಷೆಯಲ್ಲಿ ಸೋಡಿಯಂ, ಕ್ಲೋರಿನ್ ಕಂಡರೂ, ಹರಳಿನ ಮೈಗೆ ಅಂಟಿ ಒಣಗಿದ ದ್ರಾವಣದಿಂದ ಅವು ಬಂದಿರಬಹುದು.

ನಿರ್ಣಾಯಕ ಪರೀಕ್ಷೆ ಒಂಟಿ ಹರಳಿನ ಎಕ್ಸ್ ಕಿರಣ ವಿವರ್ತನೆ, ಅಂದರೆ ಹರಳಿನಿಂದ ಎಕ್ಸ್ ಕಿರಣಗಳು ಚದುರುವ ವಿನ್ಯಾಸವನ್ನು ಓದುವುದು. ಪ್ರತಿ ಪರಮಾಣು ಎಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ. ಎಷ್ಟೋ ವರದಿಗಳು ಪೂರ್ಣ ರಚನೆಯ ತನಕ ಹೋಗದೆ ಘಟಕ ಕೋಶದ, ಅಂದರೆ ಹರಳಿನಲ್ಲಿ ಮರುಕಳಿಸುವ ಅತಿ ಸಣ್ಣ ಪೆಟ್ಟಿಗೆಯ, ಅಳತೆಗಳನ್ನಷ್ಟೇ ಕೊಟ್ಟು ನಿಲ್ಲುತ್ತವೆ. ಅಷ್ಟರಿಂದಲೂ ತಪ್ಪನ್ನು ಹಿಡಿಯಬಹುದು. 1965ರಿಂದ ನಡೆದುಬಂದಿರುವ ಕೇಂಬ್ರಿಜ್ ರಚನಾ ದತ್ತಾಂಶ ಭಂಡಾರದಲ್ಲಿ 2019ರ ಹೊತ್ತಿಗೇ ಹತ್ತು ಲಕ್ಷ ರಚನೆಗಳು ಸೇರಿದ್ದವು. 'ಹೊಸ' ಹರಳಿನ ಕೋಶದ ಅಳತೆ ಮೂಲ ಪದಾರ್ಥದ ಅಳತೆಯೊಂದಿಗೆ ಹೊಂದಿಬಿಟ್ಟರೆ, ಹೊಸದೇನೂ ಸಿಕ್ಕಿಲ್ಲ ಎಂದರ್ಥ. 2010ರಲ್ಲಿ ಸ್ಫಟಿಕ ವಿಜ್ಞಾನಿಗಳಾದ ಎಂ. ಫ್ಲೆಕ್ ಮತ್ತು ಎ. ಎಂ. ಪೆಟ್ರೋಸ್ಯಾನ್ 'ಜರ್ನಲ್ ಆಫ್ ಕ್ರಿಸ್ಟಲ್ ಗ್ರೋತ್' ಪತ್ರಿಕೆಯಲ್ಲಿ ಅಮೈನೊ ಆಮ್ಲಗಳ ಲವಣಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಬಗೆಯ ತಪ್ಪುಗಳನ್ನು ಬಿಡಿಸಿ ತೋರಿಸಿದರು. ಅದಾದ ಮೇಲೂ ಅಂಥ ವರದಿಗಳು ನಿಲ್ಲದಿರುವುದು ಬೇಸರದ ಸಂಗತಿ.

'ಕೆಡಿಪಿಗಿಂತ ಇಷ್ಟು ಪಟ್ಟು' ಎಂಬ ಸಂಖ್ಯೆ

ಈ ಸಂಖ್ಯೆ ಬರುವುದು 1968ರಲ್ಲಿ ಕರ್ಟ್ಸ್ ಮತ್ತು ಪೆರ್ರಿ ರೂಪಿಸಿದ ಪುಡಿ ಪರೀಕ್ಷೆಯಿಂದ. ಹರಳನ್ನು ಅರೆದು ಪುಡಿಮಾಡಿ, ಅದರ ಮೇಲೆ ಲೇಸರ್ ಮಿಡಿತಗಳನ್ನು ಹಾಯಿಸಿ, ಹೊರಬಂದ ಹಸಿರು ಬೆಳಕನ್ನು ಅಷ್ಟೇ ಪುಡಿಮಾಡಿದ ಕೆಡಿಪಿಯ ಅಥವಾ ಯೂರಿಯಾದ ಬೆಳಕಿನೊಂದಿಗೆ ಹೋಲಿಸಲಾಗುತ್ತದೆ. ದೊಡ್ಡ ಹರಳು ಬೆಳೆಸುವ ಶ್ರಮಕ್ಕೆ ಮೊದಲು, ಯಾವ ಪದಾರ್ಥದ ಹಿಂದೆ ಬೀಳಬಹುದು ಎಂದು ಜರಡಿ ಹಿಡಿಯಲು ಇದು ಅತ್ಯುತ್ತಮ ವಿಧಾನ. ಅದನ್ನು ಅಂತಿಮ ತೀರ್ಪಿನಂತೆ ಉದ್ಧರಿಸುವುದು ತಪ್ಪು.

ಪುಡಿಯ ಕಣ ಎಷ್ಟು ದಪ್ಪ ಎಂಬುದರ ಮೇಲೆ ಹೊರಬರುವ ಬೆಳಕು ಬದಲಾಗುವುದೇ ಇದಕ್ಕೆ ಮುಖ್ಯ ಕಾರಣ. ಹರಳಿನೊಳಗೆ ಮೂಲ ಬೆಳಕು ಮತ್ತು ಹೊಸದಾಗಿ ಹುಟ್ಟಿದ ಬೆಳಕು ಸಾಮಾನ್ಯವಾಗಿ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವುಗಳ ಹೆಜ್ಜೆ ತಪ್ಪಿ, ಹಿಂದೆ ಹುಟ್ಟಿದ ಬೆಳಕನ್ನು ಮುಂದೆ ಹುಟ್ಟುವ ಬೆಳಕು ಅಳಿಸತೊಡಗುತ್ತದೆ. ಕೆಲವು ಹರಳುಗಳಲ್ಲಿ ತಕ್ಕ ದಿಕ್ಕು ಆರಿಸಿ ಎರಡರ ವೇಗ ಸಮನಾಗುವಂತೆ ಮಾಡಬಹುದು. ಇದನ್ನು ಪ್ರಾವಸ್ಥೆಯ ಹೊಂದಾಣಿಕೆ ಎನ್ನುತ್ತಾರೆ. ಹೊಂದಾಣಿಕೆ ಸಾಧ್ಯವಿರುವ ಪದಾರ್ಥದಲ್ಲಿ ಕಣ ದಪ್ಪವಾದಂತೆ ಬೆಳಕು ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಸಾಧ್ಯವಿಲ್ಲದ್ದರಲ್ಲಿ ಒಂದು ಹಂತದ ನಂತರ ಇಳಿಯುತ್ತದೆ. ಎರಡು ಪದಾರ್ಥಗಳನ್ನು ಒಂದೇ ಕಣಗಾತ್ರಕ್ಕೆ ಜರಡಿ ಹಿಡಿಯದೆ ಹೋಲಿಸಿದರೆ ಸಿಗುವ ಅನುಪಾತ ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಹೊರಬರುವ ಬೆಳಕು ಗುಣಾಂಕದ ವರ್ಗಕ್ಕೆ ಅನುಗುಣವಾದ್ದರಿಂದ, ಉಳಿದೆಲ್ಲವೂ ಸಮನಾಗಿದ್ದು ಬೆಳಕು 16 ಪಟ್ಟಾದರೆ ಗುಣಾಂಕ 4 ಪಟ್ಟಾಗಿದೆ ಎಂದಷ್ಟೇ ಹೇಳಬಹುದು. ಮೂಲ ಅಮೈನೊ ಆಮ್ಲದ ಪುಡಿಯೇ ಹಸಿರು ಬೆಳಕು ಕೊಡಬಲ್ಲದ್ದರಿಂದ, ಆ ಬೆಳಕು ಹೊಸ ಸಂಯುಕ್ತಕ್ಕೆ ಸಾಕ್ಷಿಯೂ ಅಲ್ಲ.

ವಿಲೋಮ ಕೇಂದ್ರವಿರುವ ಹರಳುಗಳ ಪರವಾಗಿ ಈಗ ಹೆಚ್ಚು ಉಲ್ಲೇಖವಾಗುವುದು ಝಡ್ ಸ್ಕ್ಯಾನ್ ಎಂಬ ಇನ್ನೊಂದು ವಿಧಾನ: ಲೇಸರ್ ಕಿರಣ ಕೂಡುವ ಬಿಂದುವಿನ ಆಚೀಚೆ ಹರಳನ್ನು ಸರಿಸುತ್ತ ಹಾದುಬಂದ ಬೆಳಕನ್ನು ಅಳೆಯುವುದು. ಕ್ಷೇತ್ರದ ಘನಕ್ಕೆ ಸಂಬಂಧಿಸಿದ ಮೂರನೆಯ ದರ್ಜೆಯ ಅರೇಖೀಯತೆಗೆ ಸಮಮಿತಿ ಅಡ್ಡಿಯಲ್ಲ ಎಂಬುದು ಸರಿ. ಆದರೆ ಮಿಡಿತಗಳಿಲ್ಲದೆ ಸತತವಾಗಿ ಬೆಳಗುವ ಲೇಸರಿನಿಂದ ಅಳೆದಾಗ ಹರಳು ಅಷ್ಟಿಷ್ಟು ಬಿಸಿಯಾಗಿ, ಆ ಬಿಸಿಯಿಂದಲೇ ವಕ್ರೀಭವನ ಬದಲಾಗಿ, ಒಂದು ಮಸೂರದಂತೆ ವರ್ತಿಸುತ್ತದೆ. ಆಗ ಸಿಗುವ ದೊಡ್ಡ ಸಂಖ್ಯೆ ಶಾಖದ್ದು. ವೇಗದ ಸ್ವಿಚ್ಚುಗಳಿಗೆ ಬೇಕಾದದ್ದು ಎಲೆಕ್ಟ್ರಾನುಗಳ ಕ್ಷಿಪ್ರ ಪ್ರತಿಸ್ಪಂದನೆ, ಇದು ಅದಲ್ಲ.

ವಾದಗಳು

ಈ ಸಂಶೋಧನೆಗಳನ್ನು ಸಮರ್ಥಿಸುವವರ ಮಾತಿನಲ್ಲಿ ತಿರುಳಿದೆ. ದುಬಾರಿ ಉಪಕರಣಗಳಿಲ್ಲದ ಪ್ರಯೋಗಾಲಯದಲ್ಲೂ ವಿದ್ಯಾರ್ಥಿಗಳು ಹರಳು ಬೆಳೆಸುವುದನ್ನು, ಅಳೆಯುವುದನ್ನು, ಬರೆಯುವುದನ್ನು ಇದರಿಂದ ಕಲಿಯುತ್ತಾರೆ. ಸಾವಿರಾರು ಸಂಯೋಜನೆಗಳನ್ನು ಹುಡುಕಿದಾಗ ಒಂದಾದರೂ ಎಲ್-ಆರ್ಜಿನೀನ್ ಫಾಸ್ಫೇಟಿನಂತೆ ಹೊಳೆಯಬಹುದು. ವಿಮರ್ಶಕರು ಇದನ್ನು ಅಲ್ಲಗಳೆಯುವುದಿಲ್ಲ. ರಚನೆ ನಿರ್ಧರಿಸದೆ ಹೆಸರಿಡಬೇಡಿ ಎಂಬುದಷ್ಟೇ ಅವರ ಬೇಡಿಕೆ. ಉಪಕರಣ ತಯಾರಕರ ದೃಷ್ಟಿಯೇ ಬೇರೆ: ಸಾವಯವ ಹರಳಿನ ಅಣುಗಳನ್ನು ಹಿಡಿದಿರುವುದು ದುರ್ಬಲ ಬಂಧಗಳಾದ್ದರಿಂದ ಅದು ಮೆತ್ತಗಿರುತ್ತದೆ, ಕೊಯ್ದು ನಯಗೊಳಿಸುವುದು ಕಷ್ಟ, ಶಾಖವನ್ನು ಹೆಚ್ಚು ತಾಳದು. ಲೇಸರಿನಿಂದ ಪರಮಾಣು ಸಮ್ಮಿಳನ ನಡೆಸುವ ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯ 192 ಲೇಸರ್ ಕಿರಣಗಳ ಬಣ್ಣ ಬದಲಿಸಲು ಗುಣಾಂಕದಲ್ಲಿ ಸಾಧಾರಣವೆನಿಸುವ ಕೆಡಿಪಿಯ ಕುಲವೇ ಬೇಕಾಯಿತು. ಏಕೆಂದರೆ ಅದನ್ನು 300 ಕಿಲೋಗ್ರಾಂ ಮೀರಿದ ಗಾತ್ರಕ್ಕೆ, ಸುಮಾರು ಎರಡು ತಿಂಗಳಲ್ಲಿ, ನೀರಿನ ದ್ರಾವಣದಿಂದಲೇ ಬೆಳೆಸಬಹುದು.

ರಚನೆಯ ನಿರ್ಧಾರ ಬಡ ಪ್ರಯೋಗಾಲಯಕ್ಕೆ ನಿಲುಕದ ಐಷಾರಾಮ ಎಂಬ ವಾದವನ್ನು ಒಪ್ಪುವುದು ಕಷ್ಟ. ಪುಡಿಯ ವಿವರ್ತನೆಯನ್ನು ಮೂಲ ಪದಾರ್ಥಗಳ ವಿನ್ಯಾಸದ ಪಕ್ಕದಲ್ಲಿಟ್ಟು ನೋಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಎಲ್ಲ ಶೃಂಗಗಳೂ ಮೂಲ ಪದಾರ್ಥದವೇ ಆಗಿದ್ದರೆ ಉತ್ತರ ಅಲ್ಲೇ ಸಿಗುತ್ತದೆ.

ಮುಂದೆ ಆಗಬಹುದಾದದ್ದು

ತಪ್ಪು ಹೆಸರಿನ ಒಂದು ಹರಳು ಅಚ್ಚಾದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಇನ್ನೊಂದು ತಂಡ ಅದಕ್ಕೆ ಬೇರೊಂದು ಲೋಹದ ಕಲಬೆರಕೆ ಮಾಡಿ ಹೊಸ ವರದಿ ಬರೆಯುತ್ತದೆ, ಮೂರನೆಯದು ಅವೆರಡನ್ನೂ ಉಲ್ಲೇಖಿಸಿ ಹೋಲಿಕೆಯ ಪಟ್ಟಿ ಮಾಡುತ್ತದೆ, ಮತ್ತು ಪ್ರತಿ ಉಲ್ಲೇಖದಿಂದ ಇಲ್ಲದ ಪದಾರ್ಥಕ್ಕೆ ಇನ್ನಷ್ಟು ಗಟ್ಟಿತನ ಬರುತ್ತದೆ. ಅದನ್ನು ತಿದ್ದುವ ಟಿಪ್ಪಣಿ ಪ್ರಕಟವಾದರೂ ಮೂಲ ಪ್ರಬಂಧ ಓದಿದವರೆಲ್ಲರ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರಿಗೆ ಹಳೆಯ ವರದಿಗಳನ್ನು ಉಣಿಸಿ ಹೊಸ ಪದಾರ್ಥಗಳನ್ನು ಊಹಿಸುವ ಯಂತ್ರಕಲಿಕೆಯ ಪದ್ಧತಿ ಬಲಗೊಳ್ಳುತ್ತಿರುವ ಈಗ ಈ ಹಾನಿ ಇನ್ನೂ ಆಳಕ್ಕಿಳಿಯಬಲ್ಲದು. ಪರಿಣತ ಓದುಗ ಅನುಮಾನಿಸಿ ಪಕ್ಕಕ್ಕಿಡಬಹುದಾದ ಸಂಖ್ಯೆಯನ್ನು ಯಂತ್ರ ನಿಜವೆಂದೇ ಎಣಿಸುತ್ತದೆ, ಗಾಮಾ ಗ್ಲೈಸಿನ್ನಿನ ಹಸಿರನ್ನು ಉಪ್ಪಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ, ಮತ್ತು ಮುಂದಿನ ಸಂಶೋಧಕನಿಗೆ ಇನ್ನಷ್ಟು ಉಪ್ಪುಗಳನ್ನು ಸೂಚಿಸುತ್ತದೆ.